ಪಾಠ ಮುಗಿದ ಮೇಲೆ ಹತ್ತು ನಿಮಿಷ: ಭಾಷಾ ಶಿಕ್ಷಕರಿಗೆ ಮರುನೋಟದ ಡೈರಿ, ಹಂತ ಹಂತವಾಗಿ

ನನ್ನ ಮೊದಲ ಡೈರಿಯಲ್ಲಿ 14 ದಿನಗಳ ಬರಹ ಇದೆ. 14 ದಿನವೂ ಒಂದೇ ಒಕ್ಕಣೆ: ‘ಇಂದು ಪಾಠ ಚೆನ್ನಾಗಿ ಆಯಿತು. ಮಕ್ಕಳು ಆಸಕ್ತಿಯಿಂದ ಆಲಿಸಿದರು.’ ತಾರೀಕು ಮಾತ್ರ ಬೇರೆ. ನಡುವೆ ಒಂದು ದಿನ ಪಾಠ ‘ಬಹಳ’ ಚೆನ್ನಾಗಿ ಆಗಿದೆ. ಯಾಕೆ ಬಹಳ ಎಂಬುದು ಈಗ ನೆನಪಿಲ್ಲ. ಹದಿನೈದನೇ ದಿನ ಬರೆಯುವುದನ್ನು ಬಿಟ್ಟೆ.

ಆಗ ನಾನು ಆಂಧ್ರದ ಗಡಿಗೆ ಅಂಟಿಕೊಂಡ ಊರೊಂದರ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಹಾಸನದ ಕಡೆಯಿಂದ ಹೋದವನು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ತರಬೇತಿಯೊಂದರಲ್ಲಿ ‘ರಿಫ್ಲೆಕ್ಟಿವ್ ಜರ್ನಲ್ ಇಡಿ’ ಎಂದರು, ಇಟ್ಟೆ. ಹೇಗೆ ಇಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಾಹೇಬರು ಬಂದು ತೆರೆದು ನೋಡಿದರೆ ಏನಿರಬೇಕೋ ಅದನ್ನು ಬರೆದಿಟ್ಟಿದ್ದೆ. ಯಾವ ಸಾಹೇಬರೂ ಬರಲಿಲ್ಲ.

ಮರುವರ್ಷ ಹಟ ಹಿಡಿದು ಮತ್ತೆ ಶುರುಮಾಡಿದೆ. ಈ ಸಲ ಬರೆದದ್ದು ಬೇರೆ ಬಗೆ, ಹಾಗಾಗಿ ನಿಲ್ಲಲಿಲ್ಲ. ಈಗ ಮನೆಯ ಅಟ್ಟದಲ್ಲಿ ಹನ್ನೊಂದು ಪುಸ್ತಕಗಳಿವೆ. ಕನ್ನಡವೋ ಇಂಗ್ಲಿಷೋ ಹಿಂದಿಯೋ ಉರ್ದುವೋ, ಯಾವುದೇ ಭಾಷೆ ಕಲಿಸುವವರು ಹೊಸದಾಗಿ ಇಂಥ ಡೈರಿ ಹಿಡಿಯಬೇಕೆಂದರೆ ಎಲ್ಲಿಂದ ಶುರುಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಆ ಪುಸ್ತಕಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಇದು ಯಾವ ಡೈರಿ?

ಶಿಕ್ಷಕರ ಬಳಿ ಬರೆಯುವ ಪುಸ್ತಕಗಳಿಗೆ ಬರವಿಲ್ಲ. ನಾಳೆ ಏನು ಮಾಡುತ್ತೇನೆ ಎಂದು ಪಾಠ ಟಿಪ್ಪಣಿ ಹೇಳುತ್ತದೆ. ಇವತ್ತು ಎಷ್ಟು ಪೋರ್ಷನ್ ಮುಗಿಯಿತು ಎಂದು ದಿನಚರಿ ಹೇಳುತ್ತದೆ. ಯಾರಿಗೆ ಎಷ್ಟು ಅಂಕ ಬಂತು ಎಂದು ಅಂಕವಹಿ ಹೇಳುತ್ತದೆ. ಈ ಮೂರರಲ್ಲೂ ಇಲ್ಲದ್ದು ಒಂದೇ: ಆ 40 ನಿಮಿಷದಲ್ಲಿ ನಿಜಕ್ಕೂ ಏನು ನಡೆಯಿತು, ಹಾಗೆ ಯಾಕೆ ನಡೆಯಿತು. ಪಾಠ ಟಿಪ್ಪಣಿ ಮದುವೆಯ ಲಗ್ನಪತ್ರಿಕೆ ಇದ್ದ ಹಾಗೆ. ಮದುವೆ ಮುಗಿದ ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ಕೂತು ಆಡುವ ಮಾತು ಇರುತ್ತದಲ್ಲ, ಸಾರಿಗೆ ಉಪ್ಪು ಯಾಕೆ ಕಡಿಮೆ ಬಿತ್ತು, ಯಾರು ಉಣ್ಣದೆ ಹೋದರು, ಮುಂದಿನ ಸಲ ಏನು ಮಾಡಬೇಕು ಎಂದು, ಆ ಮಾತು ಈ ಡೈರಿ.

ಈ ವಿಚಾರ ಹೊಸದಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಲ್ಲೇ ‘ಹೌ ವಿ ಥಿಂಕ್’ ಪುಸ್ತಕದಲ್ಲಿ, ತಲೆಯಲ್ಲಿ ಸುಮ್ಮನೆ ಹಾದುಹೋಗುವ ಯೋಚನೆ ಬೇರೆ, ಆಧಾರ ಕೇಳುತ್ತ ಮುಂದೆ ಸಾಗುವ ಯೋಚನೆ ಬೇರೆ ಎಂದು ಬಿಡಿಸಿ ತೋರಿಸಿದ್ದ. 1983ರಲ್ಲಿ ಡೊನಾಲ್ಡ್ ಶ್ಯೋನ್ ಇನ್ನೊಂದು ಭೇದ ಹೇಳಿದ: ಕೆಲಸ ಮಾಡುತ್ತಿರುವಾಗಲೇ ಯೋಚಿಸಿ ಕೈ ತಿದ್ದಿಕೊಳ್ಳುವುದು ಒಂದು, ಕೆಲಸ ಮುಗಿದ ಮೇಲೆ ಕೂತು ತಿರುಗಿ ನೋಡುವುದು ಇನ್ನೊಂದು. ಡೈರಿ ಎರಡನೆಯದಕ್ಕೆ ಸೇರಿದ್ದು, ಆದರೆ ಅದರ ಬೆಳೆ ಬರುವುದು ಮೊದಲನೆಯದರಲ್ಲಿ.

ನಮ್ಮ ದೇಶದ ಉದಾಹರಣೆ ಬೇಕಿದ್ದರೆ ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಇದೆ, 1930ರ ದಶಕದ ಆರಂಭದ ಕೃತಿ. ನಾಲ್ಕನೇ ತರಗತಿಯಲ್ಲಿ ಒಂದು ವರ್ಷ ಹೊಸ ರೀತಿಯಲ್ಲಿ ಪಾಠ ಮಾಡಲು ಹೊರಟ ಮೇಷ್ಟ್ರ ಕಥೆ ಅದು. ಮೊದಲ ದಿನವೇ ಆತ ಮಕ್ಕಳಿಗೆ ‘ಶಾಂತಿಯ ಆಟ’ ಆಡಿಸಲು ಹೋಗುತ್ತಾನೆ. ತರಗತಿ ಸಂತೆಯಾಗುತ್ತದೆ. ಓದಿಕೊಂಡು ಬಂದ ಯೋಜನೆ ಕೈಕೊಟ್ಟಿತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಮರುದಿನಕ್ಕೆ ಬೇರೆ ದಾರಿ ಹುಡುಕುತ್ತಾನೆ. ನಮಗೆ ಬೇಕಾದದ್ದು ಆ ಒಪ್ಪಿಕೊಳ್ಳುವ ಗುಣ.

ಹಂತ 1: ಪುಸ್ತಕ ಬೇರೆಯೇ ಇರಲಿ

200 ಪುಟದ ಗೆರೆಯಿರುವ ಸಾದಾ ನೋಟ್‌ಬುಕ್ ಸಾಕು. ಹೊಸ ವರ್ಷಕ್ಕೆ ಯಾರೋ ಕೊಟ್ಟ ದಿನಕ್ಕೊಂದು ಪುಟದ ಡೈರಿ ಬೇಡ. ಬರೆಯದ ದಿನದ ಖಾಲಿ ಪುಟ ನಿಮ್ಮನ್ನು ದಿನಾ ಅಣಕಿಸುತ್ತದೆ.

ಬರೆಯುವುದು ಬಲಪುಟದಲ್ಲಿ ಮಾತ್ರ. ಎಡಪುಟವನ್ನು ಖಾಲಿ ಬಿಡಿ. ಪುಸ್ತಕ ದಂಡ ಅನ್ನಿಸಬಹುದು. ಆ ಖಾಲಿ ಪುಟದ ಉಪಯೋಗ ಒಂಬತ್ತನೇ ಹಂತದಲ್ಲಿ ಗೊತ್ತಾಗುತ್ತದೆ.

ಈ ಪುಸ್ತಕ ಸ್ಟಾಫ್ ರೂಮಿನ ಮೇಜಿನ ಮೇಲೆ ಬೀಳಬಾರದು, ಪರಿವೀಕ್ಷಣೆಗೆ ಇಡುವ ಕಡತಗಳ ಜೊತೆ ಸೇರಲೂಬಾರದು. ಇನ್ನೊಬ್ಬರು ಓದುತ್ತಾರೆಂದು ಗೊತ್ತಾದ ಕ್ಷಣದಿಂದ ಪಾಠ ಚೆನ್ನಾಗಿ ಆಗತೊಡಗುತ್ತದೆ. ಮಕ್ಕಳ ಹೆಸರು ಬರೆಯಬೇಡಿ. ಕಿಟಕಿ ಪಕ್ಕದ ಹುಡುಗಿ, ಮೂರನೇ ಬೆಂಚಿನ ಉದ್ದನೆಯವನು, ಇಷ್ಟು ಗುರುತು ಸಾಕು. ಪುಸ್ತಕ ಎಲ್ಲಾದರೂ ಕಳೆದುಹೋದರೆ ಯಾವ ಮಗುವೂ ಅದರಿಂದ ನೋಯಬಾರದು.

ಹಂತ 2: ಒಂದು ತರಗತಿ, ವಾರಕ್ಕೆ ಮೂರು ದಿನ, ಹತ್ತು ನಿಮಿಷ

ದಿನಕ್ಕೆ ಐದು ಪೀರಿಯಡ್ ತೆಗೆದುಕೊಳ್ಳುವವರು ಐದರ ಬಗ್ಗೆಯೂ ಬರೆಯಲು ಹೊರಟರೆ ವಾರ ತುಂಬುವುದಿಲ್ಲ. ಒಂದೇ ತರಗತಿ ಆರಿಸಿಕೊಳ್ಳಿ. ತುಂಬ ಸಲೀಸಾದದ್ದೂ ಬೇಡ, ತಲೆಚಿಟ್ಟು ಹಿಡಿಸುವುದೂ ಬೇಡ. ‘ಇವರಿಗೆ ಇನ್ನೂ ಚೆನ್ನಾಗಿ ಬರಬಹುದಿತ್ತು’ ಅನ್ನಿಸುವ ತರಗತಿ ಇರಲಿ. ನಾನು ಎಂಟನೇ ತರಗತಿ ಹಿಡಿದೆ.

ಬರೆಯುವುದು ಅದೇ ದಿನ, ಸಾಧ್ಯವಾದರೆ ಶಾಲೆಯಲ್ಲೇ. ಬಿಸಿಯೂಟದ ಬಿಡುವೋ ಸಂಜೆ ಬಸ್ಸು ಬರುವ ಮೊದಲಿನ ಹತ್ತು ನಿಮಿಷವೋ, ಯಾವುದಾದರೂ ಆಗಲಿ, ದಿನಾ ಅದೇ ಹೊತ್ತು. ರಾತ್ರಿಗೆ ಮುಂದೂಡಿದರೆ ಮಗು ಆಡಿದ ಮಾತು ಮರೆತು ನಿಮ್ಮ ಅಭಿಪ್ರಾಯ ಮಾತ್ರ ಉಳಿದಿರುತ್ತದೆ. ಪಾಠ ಮಾಡುವಾಗ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು ನಡುವೆ ಎರಡು ಪದ ಗೀಚಿಕೊಳ್ಳಿ. ನನ್ನ ಹಳೆಯ ಚೀಟಿಯೊಂದರಲ್ಲಿ ‘ಅಕ್ಕಿ, ನಕ್ಕೆ’ ಎಂದಷ್ಟೇ ಇದೆ. ಅದರ ಕಥೆ ನಾಲ್ಕನೇ ಹಂತದಲ್ಲಿ.

ಹಂತ 3: ಕಂಡದ್ದು, ಕೇಳಿದ್ದು ಮೊದಲು, ತೀರ್ಪು ಆಮೇಲೆ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ: ಮಗು ಆಡಿದ ಮಾತನ್ನು ಆಡಿದ ಹಾಗೆಯೇ, ಬರೆದ ವಾಕ್ಯವನ್ನು ಬರೆದ ಹಾಗೆಯೇ ಬರೆದುಕೊಳ್ಳಿ. ತಿದ್ದಬೇಡಿ, ಗ್ರಂಥಸ್ಥ ಮಾಡಬೇಡಿ. ಬೇರೆ ವಿಷಯದವರಿಗೆ ಭಾಷೆ ಒಂದು ಚೀಲ, ಒಳಗಿನ ಸಾಮಾನು ಮುಖ್ಯ. ನಮಗೆ ಚೀಲವೇ ಸಾಮಾನು.

ಒಂದೇ ಪೀರಿಯಡ್ಡನ್ನು ಎರಡು ಬಗೆಯಲ್ಲಿ ಬರೆದು ತೋರಿಸುತ್ತೇನೆ.

ಮೊದಲ ಬಗೆ: ‘ಇಂದು ಆದೇಶಸಂಧಿ ಪಾಠ. ಮಕ್ಕಳಿಗೆ ಸರಿಯಾಗಿ ಅರ್ಥವಾಗಲಿಲ್ಲ. ಗಮನ ಕಡಿಮೆ.’

ಎರಡನೇ ಬಗೆ: ‘ಮಳೆ + ಕಾಲ = ಮಳೆಗಾಲ ಎಂದು ಬೋರ್ಡಿನ ಮೇಲೆ ಬರೆದೆ. ಕ ಇದ್ದದ್ದು ಗ ಆಯಿತು ಎಂದೆ. ಬೆಟ್ಟದಾವರೆ, ಕಂಬನಿ ಉದಾಹರಣೆ ಕೊಟ್ಟೆ. ಎಲ್ಲರೂ ಬರೆದುಕೊಂಡರು. ಕಿಟಕಿ ಪಕ್ಕದವಳು ಕೈ ಎತ್ತಿ, “ಸಾ, ನಾವು ಮಳೆಗಾಲ ಅಂತಾನೇ ಅನ್ನೋದು. ಮಳೆ ಕಾಲ ಅಂತ ಯಾರು ಅಂತಾರೆ?” ಅಂದಳು. “ವ್ಯಾಕರಣದಲ್ಲಿ ಹಾಗೇ ಬಿಡಿಸೋದಮ್ಮ” ಅಂದೆ. ಕೂತಳು.’

ಮೊದಲನೆಯದರಲ್ಲಿ ತೀರ್ಪು ಇದೆ, ಸಾಕ್ಷಿ ಇಲ್ಲ. ಎರಡನೆಯದರಲ್ಲಿ ತೀರ್ಪೇ ಇಲ್ಲ, ಆದರೂ ಎಲ್ಲಿ ಎಡವಿದೆನೆಂದು ಓದಿದವರಿಗೆಲ್ಲ ಕಾಣುತ್ತದೆ. ಆ ಹುಡುಗಿ ಸಂಧಿಯ ಮರ್ಮಕ್ಕೇ ಕೈ ಹಾಕಿದ್ದಳು. ಸಂಧಿ ಮೊದಲು ಆಗುವುದು ಬಾಯಲ್ಲಿ, ಬಿಡಿಸುವುದು ಆಮೇಲೆ. ನಾನು ಅವಳನ್ನು ಕೂರಿಸಿದ್ದೆ. ಇದು ಗೊತ್ತಾದದ್ದು ತರಗತಿಯಲ್ಲಿ ಅಲ್ಲ, ಸಂಜೆ ಅವಳ ಮಾತನ್ನು ಹಾಗೇ ಬರೆಯುವಾಗ.

ಈ ಭಾಗಕ್ಕೆ ಐದಾರು ಸಾಲು ಸಾಕು. ಒಂದು ಘಟನೆ ಆರಿಸಿಕೊಳ್ಳಿ, ಇಡೀ ಪೀರಿಯಡ್ ಬೇಡ. ನೀವು ಆಡಿದ ಮಾತನ್ನೂ ಬರೆಯಿರಿ. ಅದನ್ನು ಬಿಟ್ಟುಬಿಡುವ ಚಾಳಿ ಎಲ್ಲರಿಗೂ ಇರುತ್ತದೆ.

ಹಂತ 4: ನಿಮಗೆ ಏನನ್ನಿಸಿತು? ಒಂದೇ ಸಾಲು

ಕೋಪ ಬಂತೋ, ನಾಚಿಕೆಯಾಯಿತೋ, ಖುಷಿಯಾಯಿತೋ ಬರೆಯಿರಿ. ಒಂದು ಸಾಲು ದಾಟಬೇಡಿ. ದಾಟಿದರೆ ಡೈರಿ ಹೋಗಿ ಅಳುಪುಸ್ತಕ ಆಗುತ್ತದೆ.

ಈಗ ‘ಅಕ್ಕಿ, ನಕ್ಕೆ’ ಕಥೆ. ಪದ್ಯ ಓದುತ್ತಿದ್ದ ಹುಡುಗಿಯೊಬ್ಬಳು ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಓದಿದಳು. ‘ಹ’ಕಾರ ಬಿಟ್ಟು ಮಾತಾಡುವುದು ಹಳೇ ಮೈಸೂರಿನ ಅನೇಕ ಕಡೆ ಮನೆಮಾತಿನ ಸಹಜ ರೀತಿ: ಹಾಲು ‘ಆಲು’, ಹಸು ‘ಅಸು’. ತರಗತಿ ನಕ್ಕಿತು. ಅವಳು ಗಾಬರಿಯಾಗಿ ಮುಂದಿನ ಸಾಲಿನ ‘ಆಕಾಶ’ವನ್ನು ‘ಹಾಕಾಶ’ ಎಂದಳು. ಆಗ ನಾನೂ ನಕ್ಕೆ. ಸಂಜೆ ಡೈರಿಯಲ್ಲಿ ಬರೆದೆ: ‘ನಕ್ಕಿದ್ದಕ್ಕೆ ನಾಚಿಕೆ.’ ಆಮೇಲೆ ಎರಡು ವಾರ ಅವಳು ಓದಲು ಏಳಲಿಲ್ಲ ಎಂಬುದೂ ಅದೇ ಡೈರಿಯಿಂದಲೇ ತಿಳಿದದ್ದು. ನಗು ತರಗತಿಯಲ್ಲೇ ಮರೆತುಹೋಗುತ್ತಿತ್ತು. ಆ ಒಂದು ಸಾಲು ಮರೆಯಲು ಬಿಡಲಿಲ್ಲ.

ಹಂತ 5: ‘ಯಾಕೆ?’ ಎಂದು ಕೇಳಿ, ಉತ್ತರಗಳು ಒಂದಕ್ಕಿಂತ ಹೆಚ್ಚಿರಲಿ

‘ಮಕ್ಕಳಿಗೆ ಆಸಕ್ತಿ ಇಲ್ಲ’ ಎಂಬ ಉತ್ತರ ಯಾವ ಬೀಗಕ್ಕೂ ಹೊಂದುವ ಕೀಲಿ. ಅದಕ್ಕೇ ಅದರಿಂದ ಯಾವ ಬಾಗಿಲೂ ತೆರೆಯುವುದಿಲ್ಲ. ಒಂದು ಘಟನೆಗೆ ಕನಿಷ್ಠ ಮೂರು ಕಾರಣ ಬರೆಯಿರಿ. ಅದರಲ್ಲಿ ಒಂದಾದರೂ ನಿಮ್ಮನ್ನು ಮುಟ್ಟಬೇಕು. ಭಾಷಾ ತರಗತಿಯಲ್ಲಿ ನಾನು ಸಾಲಾಗಿ ಕೇಳಿಕೊಳ್ಳುವ ಪ್ರಶ್ನೆಗಳು ಇವು:

• ನಾನು ಕೊಟ್ಟ ಸೂಚನೆ ಸ್ಪಷ್ಟವಿತ್ತೇ? ‘ಪಾಠದ ಸಾರಾಂಶ ಬರೆಯಿರಿ’ ಎಂದೆನಲ್ಲ, ಸಾರಾಂಶ ಅಂದರೇನು ಎಂದು ಒಮ್ಮೆಯಾದರೂ ಮಾಡಿ ತೋರಿಸಿದ್ದೆನೇ?
• ಪಠ್ಯದ ಕನ್ನಡ ಈ ಮಕ್ಕಳ ಆಡುಮಾತಿಗೆ ಎಷ್ಟು ದೂರ?
• ಮನೆಯಲ್ಲಿ ಯಾವ ಭಾಷೆ? ತೆಲುಗು, ಉರ್ದು, ಲಂಬಾಣಿ, ತುಳು, ಕೊಂಕಣಿ, ಮರಾಠಿ?
• ಇದು ಒಂದು ಮಗುವಿನ ತಪ್ಪೋ, ಹಲವರದೋ? ಇವತ್ತಿನದೋ, ಹಿಂದೆಯೂ ಕಂಡದ್ದೋ?

ಕೊನೆಯ ಪ್ರಶ್ನೆಯ ಹಿಂದೆ ಭಾಷಾಶಾಸ್ತ್ರದ ಒಂದು ದೊಡ್ಡ ಮಾತಿದೆ. ಭಾಷೆ ಕಲಿಯುವವರ ತಪ್ಪುಗಳ ಬಗ್ಗೆ ಬ್ರಿಟನ್ನಿನ ವಿದ್ವಾಂಸ ಎಸ್. ಪಿಟ್ ಕಾರ್ಡರ್ 1967ರಲ್ಲಿ ಒಂದು ಲೇಖನ ಬರೆದ. ತಪ್ಪಿನಲ್ಲಿ ಎರಡು ಜಾತಿ ಎಂದ. ಆಯಾಸ, ಅವಸರ, ಮರೆವಿನಿಂದ ನಾಲಿಗೆಯೋ ಪೆನ್ನೋ ಜಾರುವುದು ಒಂದು. ಗೊತ್ತಿದ್ದೂ ಆಗುವ ತಪ್ಪು ಅದು. ಇನ್ನೊಂದು ಮತ್ತೆ ಮತ್ತೆ ಅದೇ ರೀತಿ ಆಗುವ ತಪ್ಪು. ಅದರ ಹಿಂದೆ ಕಲಿಯುವವನು ತಾನೇ ಕಟ್ಟಿಕೊಂಡ ನಿಯಮವೊಂದು ಇರುತ್ತದೆ. ಮೊದಲನೆಯದನ್ನು ಬಿಟ್ಟುಬಿಡಬಹುದು. ಎರಡನೆಯದು, ಮಗುವಿನ ತಲೆಯಲ್ಲಿ ಭಾಷೆ ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುವ ಕಿಟಕಿ. ಒಂದೇ ದಿನದ ಉತ್ತರಪತ್ರಿಕೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ತೋರಿಸುವುದು ತಿಂಗಳ ಡೈರಿ.

ಹಂತ 6: ನಾಳೆಗೆ ಒಂದೇ ಒಂದು ಕೆಲಸ

ಬರಹದ ಕೊನೆಯ ಸಾಲು ‘ನಾಳೆ’ ಎಂದು ಶುರುವಾಗಬೇಕು, ಅದರಲ್ಲಿ ಮಾಡಿ ಮುಗಿಸಬಹುದಾದ ಒಂದು ಸಣ್ಣ ಕೆಲಸ ಇರಬೇಕು. ‘ಇನ್ನು ಮುಂದೆ ವ್ಯಾಕರಣವನ್ನು ಆಸಕ್ತಿದಾಯಕವಾಗಿ ಕಲಿಸಬೇಕು’ ಎಂಬುದು ಕೆಲಸವಲ್ಲ, ಭಾಷಣ.

ಸಂಧಿಯ ದಿನ ನಾನು ಬರೆದದ್ದು: ‘ನಾಳೆ ಬೋರ್ಡ್ ಮುಟ್ಟುವುದಿಲ್ಲ. ಮಳೆ, ಕಾಲ ಎರಡನ್ನೂ ಬಿಡಿಬಿಡಿಯಾಗಿ ಹೇಳಿಸಿ, ಆಮೇಲೆ ಬೇಗ ಬೇಗ ಹೇಳಿಸಬೇಕು. ಎಲ್ಲಿ ಬದಲಾಯಿತು ಎಂದು ಅವರೇ ಹೇಳಲಿ.’ ಮರುದಿನ 40 ಬಾಯಿ ಒಟ್ಟಿಗೆ ಓಡಿದವು. ಹತ್ತನೇ ಸಲಕ್ಕೆ ಹಿಂದಿನ ಬೆಂಚಿನವನೊಬ್ಬ ಕಂಡದ್ದನ್ನು ಹೇಳಿದ: “ಸಾ, ‘ಕ’ ಅನ್ನೋಕೆ ಗಂಟ್ಲು ನಿಲ್ಸಬೇಕು, ‘ಗ’ಕ್ಕೆ ನಿಲ್ಸೋ ಹಂಗಿಲ್ಲ.” ಸ್ವರಗಳ ನಡುವೆ ಸಿಕ್ಕ ಕ, ತ, ಪಗಳು ಗ, ದ, ಬ ಆಗುವುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ನನ್ನ ಬಳಿ ಇರಲಿಲ್ಲ.

ಮೂರರಿಂದ ಆರರವರೆಗಿನ ಹಂತಗಳ ಹಂದರ ನನ್ನದಲ್ಲ. 1988ರಲ್ಲಿ ಗ್ರಹಾಂ ಗಿಬ್ಸ್ ಒಂದು ಚಕ್ರ ಹಾಕಿಕೊಟ್ಟ: ಏನಾಯಿತು, ಏನನ್ನಿಸಿತು, ಯಾವುದು ಸರಿಯಾಯಿತು ಯಾವುದು ಕೆಟ್ಟಿತು, ಯಾಕೆ, ಏನು ಕಲಿತೆ, ಮುಂದೇನು. ಬಿ.ಇಡಿ. ಓದಿದವರು ಈ ಆರು ಮನೆಗಳ ಚಕ್ರವನ್ನು ಎಲ್ಲೋ ನೋಡಿರುತ್ತೀರಿ. ಶುರುಮಾಡುವವರಿಗೆ ಆರು ಭಾರ ಎಂದು ನಾಲ್ಕಕ್ಕೆ ಇಳಿಸಿಕೊಂಡಿದ್ದೇನೆ: ಕಂಡದ್ದು, ಅನ್ನಿಸಿದ್ದು, ಯಾಕೆ, ನಾಳೆ.

ಹಂತ 7: ತಿಂಗಳಿಗೊಮ್ಮೆ ನಿಮ್ಮ ದನಿ ನೀವೇ ಕೇಳಿ

ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೆ ಪಾಟಿಸವಾಲು ಹಾಕಲು ಮೊಬೈಲ್ ಸಾಕು. ಮುಖ್ಯೋಪಾಧ್ಯಾಯರಿಗೆ ಹೇಳಿ, ಮಕ್ಕಳಿಗೂ ಹೇಳಿ, ಒಂದು ಪೀರಿಯಡ್ಡಿನ ಧ್ವನಿ ಮಾತ್ರ ರೆಕಾರ್ಡ್ ಮಾಡಿ. ಮೊಬೈಲು ಮೇಜಿನ ಮೇಲೆ ಮಲಗಿರಲಿ. ಕೇಳಿ, ಬರೆದುಕೊಂಡ ಮೇಲೆ ಅಳಿಸಿಬಿಡಿ. ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಇಡೀ 40 ನಿಮಿಷ ಕೇಳಬೇಕಿಲ್ಲ, ಹತ್ತು ನಿಮಿಷ ಸಾಕು. ಎರಡು ವಿಷಯ ಮಾತ್ರ ಗಮನಿಸಿ. ಒಂದು, ನೀವು ಎಷ್ಟು ಹೊತ್ತು ಮಾತಾಡಿದಿರಿ, ಅವರು ಎಷ್ಟು ಹೊತ್ತು. ಎರಡು, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನು ಅಳೆದಿದ್ದರು. ಶಿಕ್ಷಕರು ಪ್ರಶ್ನೆ ಹಾಕಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರಿಸದೆ ಕೂರುವವರು ಕಡಿಮೆಯಾದರು. ಮನೆಮಾತಿನಲ್ಲಿ ಯೋಚಿಸಿ ಶಾಲೆಯ ಭಾಷೆಯಲ್ಲಿ ಉತ್ತರಿಸಬೇಕಾದ ಮಗುವಿಗೆ ಆ ಎರಡು ಸೆಕೆಂಡು ಎಷ್ಟು ದೊಡ್ಡದೆಂದು ಊಹಿಸಿ. ನನ್ನ ಧ್ವನಿ ಕೇಳಿದ ದಿನ ನನಗೆ ಗೊತ್ತಾದದ್ದು ಇನ್ನೂ ಕೆಟ್ಟದ್ದು: ಪ್ರಶ್ನೆ ಕೇಳಿ, ಅರ್ಧ ಉತ್ತರ ನಾನೇ ಹೇಳಿ, ಕೊನೆಯ ಪದವನ್ನಷ್ಟೇ ಮಕ್ಕಳಿಂದ ಕೂಗಿಸುತ್ತಿದ್ದೆ.

ಹಂತ 8: ಒಬ್ಬರ ಜೊತೆಯಾದರೂ ಮಾತಾಡಿ

ಪುಸ್ತಕ ತೋರಿಸಬೇಕಿಲ್ಲ. ಅದರಲ್ಲಿನ ಒಂದು ಸಂಗತಿಯನ್ನು ಟೀ ಕುಡಿಯುವಾಗ ಹೇಳಿದರೆ ಸಾಕು. ಅವರು ಭಾಷಾ ಶಿಕ್ಷಕರೇ ಆಗಿರಬೇಕಿಲ್ಲ. ಆದರೆ ಮೇಲಧಿಕಾರಿ ಆಗಿರಬಾರದು, ಕೇಳುವ ಮೊದಲೇ ಸಲಹೆ ಕೊಡುವವರೂ ಆಗಿರಬಾರದು. ಸಮಾಲೋಚನಾ ಸಭೆಗಳಲ್ಲಿ ಇಂಥ ಒಬ್ಬರು ಸಿಕ್ಕರೆ ಫೋನ್ ನಂಬರ್ ತೆಗೆದುಕೊಳ್ಳಿ. ನನಗೆ ಸಿಕ್ಕಿದ್ದು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಅವರು ಇಲ್ಲದಿದ್ದರೆ ಮುಂದಿನ ಹಂತ ಅರ್ಧಕ್ಕೇ ನಿಲ್ಲುತ್ತಿತ್ತು.

ಹಂತ 9: ಹಿಂದಕ್ಕೆ ಓದಿ, ಎಡಪುಟ ತುಂಬಿ

ಬರೆದು ಮುಚ್ಚಿಟ್ಟ ಡೈರಿ ಬಿತ್ತಿ ಮರೆತ ಹೊಲ. ತಿಂಗಳ ಕೊನೆಯ ಶನಿವಾರ ಅರ್ಧ ಗಂಟೆ ಕೂತು ಅಷ್ಟನ್ನೂ ಒಟ್ಟಿಗೆ ಓದಿ. ಎರಡು ಸಲ, ಮೂರು ಸಲ ಬಂದ ಸಂಗತಿಗೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಇವತ್ತಿಗೆ ತೋಚಿದ್ದನ್ನು, ತಾರೀಕು ಹಾಕಿ, ಎಡಪುಟದಲ್ಲಿ ಬರೆಯಿರಿ. ಬಲಪುಟವನ್ನು ಮಾತ್ರ ತಿದ್ದಬೇಡಿ. ಅವತ್ತು ಹೀಗೆ ಅಂದುಕೊಂಡಿದ್ದೆ ಎಂಬುದಕ್ಕೂ ಬೆಲೆಯಿದೆ.

ಎರಡನೇ ಡೈರಿಯ ಮೊದಲ ತಿಂಗಳನ್ನು ಹೀಗೆ ಓದುವಾಗ ಒಂದು ವಿಚಿತ್ರ ಕಂಡಿತು. ಐದು ಕಡೆ, ಐದು ಬೇರೆ ಮಕ್ಕಳ ವಾಕ್ಯಗಳು:

‘ನಮ್ಮ ಅಮ್ಮ ಸಂತೆಗೆ ಹೋಯಿತು.’
‘ಅಕ್ಕ ರಂಗೋಲಿ ಹಾಕಿತು.’
‘ಟೀಚರ್ ನನ್ನನ್ನು ಕರೆಯಿತು.’
‘ನಮ್ಮ ಅಜ್ಜಿ ಕಥೆ ಹೇಳಿತು.’
‘ರಾಣಿ ಯುದ್ಧ ಮಾಡಿತು.’

ಪ್ರತಿಯೊಂದಕ್ಕೂ ಉತ್ತರಪತ್ರಿಕೆಯಲ್ಲಿ ಕೆಂಪು ಸುತ್ತು ಹಾಕಿದ್ದೆ. ಡೈರಿಯ ‘ಯಾಕೆ’ ಭಾಗದಲ್ಲಿ ‘ಲಿಂಗದ ಕಲ್ಪನೆ ಇಲ್ಲ, ಗಮನ ಇಲ್ಲ’ ಎಂದು ಬರೆದಿದ್ದೆ. ಐದನ್ನೂ ಒಟ್ಟಿಗೆ ನೋಡಿದಾಗ ಸಂಶಯ ಬಂತು. ಅವೇ ಮಕ್ಕಳ ನೋಟ್‌ಬುಕ್ ತರಿಸಿ ನೋಡಿದೆ. ‘ಅಪ್ಪ ಹೋದನು’, ‘ರಾಜ ಬಂದನು’ ಎಲ್ಲ ಸರಿಯಾಗಿವೆ. ಗಂಡಸರ ವಿಷಯದಲ್ಲಿ ಒಂದೂ ತಪ್ಪಿಲ್ಲ! ಗಮನವಿಲ್ಲದ ಮಗು ಗಂಡಸರಿಗೆ ಮಾತ್ರ ಗಮನ ಕೊಡುತ್ತದೆಯೇ?

ಸೋಮವಾರ ಗಣಿತದ ಮೇಷ್ಟ್ರಿಗೆ ತೋರಿಸಿದೆ. ಅವರು ಅದೇ ಸೀಮೆಯವರು, ಮನೆಮಾತು ತೆಲುಗು. ಓದಿ ನಕ್ಕುಬಿಟ್ಟರು. “ಕನ್ನಡ ತಪ್ಪಾಗಿ ಬರೆದಿಲ್ಲ ಸಾರ್, ತೆಲುಗು ಸರಿಯಾಗಿ ಬರೆದಿದಾರೆ.” ಆಮೇಲೆ ಬಿಡಿಸಿ ಹೇಳಿದರು. ತೆಲುಗಿನಲ್ಲಿ ಅಣ್ಣ ಬಂದರೆ ‘ವಚ್ಚಾಡು’. ಅಕ್ಕ ಬಂದರೆ ‘ವಚ್ಚಿಂದಿ’. ಬಸ್ಸು ಬಂದರೂ ‘ವಚ್ಚಿಂದಿ’. ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಎಂದು ಮೂರು ಮನೆ, ತೆಲುಗಿನಲ್ಲಿ ಎರಡೇ. ಮೂರು ಮನೆಗೆ ಬಂದ ಮಗು ತನಗೆ ಗೊತ್ತಿದ್ದ ಎರಡರಲ್ಲೇ ಎಲ್ಲರನ್ನೂ ಕೂರಿಸಿತ್ತು. ಕಾರ್ಡರ್ ಹೇಳಿದ ಎರಡನೇ ಜಾತಿಯ ತಪ್ಪು ನನ್ನ ಮುಂದೆ ಐದು ಸಲ ಬಂದು ಹೋಗಿತ್ತು.

ಅವತ್ತು ಎಡಪುಟದಲ್ಲಿ ಬರೆದದ್ದು: ‘ಗಮನ ಇಲ್ಲ ಅಲ್ಲ. ತೆಲುಗು ಇದೆ.’

ಒಂದು ದಿನದ ಬರಹ ಹೀಗಿರಬಹುದು

ಅಳತೆ ಗೊತ್ತಾಗಲೆಂದು ಒಂದು ಪೂರ್ತಿ ಬರಹ ಕೊಡುತ್ತೇನೆ. ಹತ್ತು ನಿಮಿಷಕ್ಕೆ ಇಷ್ಟು ಸಾಕು.

8ನೇ ತರಗತಿ, ಮೂರನೇ ಪೀರಿಯಡ್. ಪತ್ರಲೇಖನ.
ಕಂಡದ್ದು: ರಜೆ ಕೇಳಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಲು ಹೇಳಿದೆ. 38 ಜನರಲ್ಲಿ 30 ಜನ ‘ಜ್ವರ’ ಎಂದು ಬರೆದರು. ಮೂರನೇ ಬೆಂಚಿನವನು ‘ನಮ್ಮ ಕುರಿ ಮರಿ ಹಾಕುತ್ತದೆ, ಆದ್ದರಿಂದ’ ಎಂದು ಬರೆದಿದ್ದ. “ಇದೆಲ್ಲ ಕಾರಣ ಆಗಲ್ಲ” ಎಂದು ಜ್ವರ ಎಂದು ತಿದ್ದಿಸಿದೆ.
ಅನ್ನಿಸಿದ್ದು: ಆಗ ಏನೂ ಅನ್ನಿಸಲಿಲ್ಲ. ಈಗ ಬರೆಯುವಾಗ ಕಸಿವಿಸಿ.
ಯಾಕೆ: ಗೈಡಿನ ಮಾದರಿ ಪತ್ರದಲ್ಲಿ ಜ್ವರ ಇದೆ. ನಾನೂ ಬೋರ್ಡಿನ ಮೇಲೆ ಜ್ವರವನ್ನೇ ಬರೆದಿದ್ದೆ. ನಿಜ ಬರೆದವನು ಇವನೊಬ್ಬನೇ, ಅವನಿಗೆ ಸುಳ್ಳು ಬರೆಯಲು ಕಲಿಸಿದೆ.
ನಾಳೆ: ಅವನ ಮೊದಲಿನ ಪತ್ರವನ್ನು, ಹೆಸರು ಹೇಳದೆ, ತರಗತಿಗೆ ಓದುವುದು. ಪ್ರತಿಯೊಬ್ಬರೂ ನಿಜವಾದ ಒಂದು ಕಾರಣಕ್ಕೆ ರಜೆ ಕೇಳಬೇಕು.

ಏನೂ ತೋಚದ ದಿನ

ಇಂಥ ದಿನಗಳು ಬಂದೇ ಬರುತ್ತವೆ. ಪುಸ್ತಕದ ರಟ್ಟಿನ ಒಳಬದಿಗೆ ಈ ಪ್ರಶ್ನೆಗಳನ್ನು ಅಂಟಿಸಿಕೊಂಡಿದ್ದೇನೆ. ಒಂದಕ್ಕೆ ಎರಡು ಸಾಲು ಉತ್ತರ ಬರೆದರೆ ಆ ದಿನದ ಲೆಕ್ಕ ಮುಗಿಯಿತು.

• ಇವತ್ತು ಒಮ್ಮೆಯೂ ಬಾಯಿ ತೆರೆಯದ ಮಗು ಯಾವುದು?
• ಯಾವ ಪದದ ಅರ್ಥ ಕೇಳಿದರು? ನಾನು ಹೇಳಿದ ಅರ್ಥ ಇನ್ನೂ ಕಷ್ಟದ ಪದವಾಗಿತ್ತೇ?
• ಯಾವ ಹೊತ್ತಿನಲ್ಲಿ ತರಗತಿ ಕಳೆಗಟ್ಟಿತು?
• ಯಾವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮಾತು ಮರೆಸಿದೆ?

ಎಡವುವ ಜಾಗಗಳು

ಮೂರೇ ಮೂರು. ಮೊದಲನೆಯದು, ಅಂದವಾಗಿ ಬರೆಯುವ ಆಸೆ. ಭಾಷಾ ಮೇಷ್ಟ್ರುಗಳಿಗೆ ಇದು ರಕ್ತಗತ. ಇಲ್ಲಿ ಉಪಮೆ ಬೇಡ, ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಎರಡನೆಯದು, ತಪ್ಪುಗಳನ್ನಷ್ಟೇ ಬರೆಯುವುದು. ಕೈಗೂಡಿದ ಪಾಠವನ್ನೂ ಬರೆಯಿರಿ, ಯಾಕೆ ಕೈಗೂಡಿತೆಂದು ತಿಳಿಯದಿದ್ದರೆ ಅದು ಮತ್ತೊಮ್ಮೆ ಕೈಗೂಡುವ ಭರವಸೆ ಇಲ್ಲ. ಮೂರನೆಯದು, ತಪ್ಪಿಹೋದ ದಿನಗಳನ್ನು ಭಾನುವಾರ ಕೂತು ತುಂಬಿಸುವುದು. ಚುನಾವಣೆ, ಸಮೀಕ್ಷೆ, ಕ್ರೀಡಾಕೂಟ ಎಂದು ಹದಿನೈದು ದಿನ ಹೋದರೆ ಹೋಗಲಿ. ಹದಿನಾರನೇ ದಿನದ ಮಾತನ್ನು ಹದಿನಾರನೇ ದಿನ ಬರೆಯಿರಿ.

ತೆಲುಗಿನ ಕಥೆಗೆ ಒಂದು ಬಾಲ ಉಳಿದಿದೆ. ಮರುವಾರ ಬೋರ್ಡಿನ ಮೇಲೆ ಎರಡು ಕಂಬ ಹಾಕಿ, ಒಂದರಲ್ಲಿ ತೆಲುಗು ಒಂದರಲ್ಲಿ ಕನ್ನಡ ಬರೆಸಿದೆ. ತೆಲುಗಿನ ಕಂಬಕ್ಕೆ ಮಕ್ಕಳೇ ಮೇಷ್ಟ್ರು, ನಾನು ವಿದ್ಯಾರ್ಥಿ. ವಚ್ಚಾಡು, ವಚ್ಚಿಂದಿ, ಬಂದನು, ಬಂದಳು, ಬಂದಿತು. ಆ ವರ್ಷ ಕೆಂಪು ಸುತ್ತುಗಳು ಕಡಿಮೆಯಾದವು. ಎಲ್ಲ ಇತ್ಯರ್ಥವಾಯಿತು ಎಂದು ಪುಸ್ತಕ ಮುಚ್ಚುವಷ್ಟರಲ್ಲಿ ‘ಅಮ್ಮ ಸಂತೆಗೆ ಹೋಯಿತು’ ಎಂದು ಬರೆದಿದ್ದ ಹುಡುಗಿ ಎದ್ದು ನಿಂತಳು. ಅವಳ ಮಾತು ಹಾಗೇ ಬಲಪುಟದಲ್ಲಿದೆ:

“ಸಾ, ಕನ್ನಡದಲ್ಲೂ ‘ಮಗು ಬಂತು’ ಅಂತೀವಲ್ಲ. ಮಗು ಏನು ಬಸ್ಸಾ?”

ಸುಮ್ಮನಾದೆ. ಬೆಲ್ ಹೊಡೆಯಿತು. ‘ನಾಳೆ’ ಎಂದು ಬರೆದು, ಮುಂದೆ ಏನು ಬರೆಯಬೇಕೆಂದು ಹತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದು ನೆನಪಿದೆ. ಕೊನೆಗೆ ಬರೆದೆ: ‘ನಾಳೆ ಈ ಪ್ರಶ್ನೆಯನ್ನು ಇಡೀ ತರಗತಿಗೆ ಕೇಳುವುದು. ಕೇಳಿದ ಮೇಲೆ ಮೂರು ಸೆಕೆಂಡು ಸುಮ್ಮನಿರುವುದು.’